ಈರುಳ್ಳಿ ಹೆಚ್ಚೋ, ನುಗ್ಗೆಸೊಪ್ಪು ಹೆಚ್ಚೋ?



ಇವತ್ತು ಎರಡು ತರಕಾರಿಗಳನ್ನು ಅಕ್ಕಪಕ್ಕ ಇಟ್ಟು ನೋಡೋಣ. ಒಂದು ಈರುಳ್ಳಿ. ಇನ್ನೊಂದು ನುಗ್ಗೆಸೊಪ್ಪು.

ಈರುಳ್ಳಿಯನ್ನು ನಮ್ಮ ಜಿಲ್ಲೆಯವರಿಗೆ ಪರಿಚಯ ಮಾಡಿಕೊಡುವುದೇನಿದೆ? ಮುಂಗಾರು ಬಂದರೆ ಚಿತ್ರದುರ್ಗ, ಹಿರಿಯೂರು, ಚಳ್ಳಕೆರೆಯ ಕಡೆ ಹೊಲಕ್ಕೆ ಹೊಲವೇ ಈರುಳ್ಳಿ. ಕಿತ್ತು, ಒಣಗಿಸಿ, ಚೀಲ ತುಂಬಿ ಸಂಜೆ ಲಾರಿಗೆ ಹಾಕಿದರೆ, ಬೆಳಗಾಗುವಷ್ಟರಲ್ಲಿ ಬೆಂಗಳೂರಿನ ಯಶವಂತಪುರದ ಮಾರುಕಟ್ಟೆ. ಇದರ ದರ ಏರಿದರೂ ಸುದ್ದಿ, ಇಳಿದರೂ ಸುದ್ದಿ. ನಮ್ಮಲ್ಲಿ ಎಷ್ಟೋ ಮನೆಗಳ ಮದುವೆ, ಸಾಲ, ಮಕ್ಕಳ ಫೀಜು ಎಲ್ಲವೂ ಈರುಳ್ಳಿ ದರದ ಮೇಲೆ ನಿಂತಿವೆ.

ನುಗ್ಗೆಸೊಪ್ಪಿಗೆ ಅಂಥ ಗತ್ತಿಲ್ಲ. ಹೊಳಲ್ಕೆರೆಯ ಅಡಿಕೆ ತೋಟದ ಬೇಲಿಯಲ್ಲಿ ಒಂದು ಮರ ಇರುತ್ತದೆ. ಹೊಸದುರ್ಗದ ತೆಂಗಿನ ತೋಟದ ಅಂಚಿನಲ್ಲಿ ಇನ್ನೊಂದು. ಹಿರಿಯೂರಿನಲ್ಲಿ ವಾಣಿವಿಲಾಸ ಕಾಲುವೆಯ ಬದಿಯ ಮನೆಗಳ ಹಿತ್ತಲಲ್ಲಿ ಮತ್ತೊಂದು. ಯಾರೂ ಅದಕ್ಕೆಂದು ನೀರು ಬಿಡುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ಕಾಯಿ ಬಿಟ್ಟಾಗ ಕಿತ್ತುಕೊಳ್ಳುತ್ತಾರೆ. ಸೊಪ್ಪಿನ ಕಡೆ ನೋಡುವವರು ಕಡಿಮೆ. ಸಂತೆಯಲ್ಲಿ ಸೊಪ್ಪು ಮಾರುವ ಒಬ್ಬ ಅಜ್ಜಿಯನ್ನು ಕೇಳಿದೆ, ‘ಅಜ್ಜಿ, ನುಗ್ಗೆಸೊಪ್ಪು ಯಾಕೆ ತಂದಿಲ್ಲ?’ ಅಂತ. ಅಜ್ಜಿ ನಕ್ಕರು. ‘ಅದನ್ನ ಯಾರಪ್ಪ ದುಡ್ ಕೊಟ್ಟು ತಗಂತಾರೆ? ಎಲ್ರ ಹಿತ್ಲಾಗೂ ಐತಲ್ಲ!’ ಎಂದರು.

ಎಲ್ಲರ ಹಿತ್ತಲಲ್ಲೂ ಇದೆ ನಿಜ. ಎಲ್ಲರ ತಟ್ಟೆಯಲ್ಲಿ ಇದೆಯೇ? ಅದು ಬೇರೆ ಮಾತು.

ಈಗ ಪ್ರಶ್ನೆಗೆ ಬರೋಣ. ಈ ಎರಡರಲ್ಲಿ ಹೆಚ್ಚು ಪೌಷ್ಟಿಕ ಯಾವುದು? ತೂಕಕ್ಕೆ ತೂಕ ಇಟ್ಟರೆ ಉತ್ತರ ಸುಲಭ. ನುಗ್ಗೆಸೊಪ್ಪು ಗೆಲ್ಲುತ್ತದೆ, ಸಣ್ಣ ಅಂತರದಲ್ಲೂ ಅಲ್ಲ. ಆದರೆ ನನ್ನ ಮಟ್ಟಿಗೆ ಆ ಉತ್ತರದಿಂದ ಅಡುಗೆಮನೆಗೆ ಹೆಚ್ಚು ಉಪಯೋಗವಿಲ್ಲ. ಯಾಕೆ ಎನ್ನುವುದನ್ನೇ ಈ ಹೊತ್ತು ಹೇಳಬೇಕೆಂದಿದ್ದೇನೆ.

ಮೊದಲು ಅಂಕಿಗಳನ್ನು ನೋಡಿಬಿಡೋಣ. ಪೆನ್ನು ಕಾಗದ ಬೇಡ. ಎಲ್ಲವನ್ನೂ ದುಂಡಾಗಿಸಿ ಹೇಳುತ್ತೇನೆ. ಹೈದರಾಬಾದಿನಲ್ಲಿ ರಾಷ್ಟ್ರೀಯ ಪೋಷಣಾ ಸಂಸ್ಥೆ ಇದೆ. ನಮ್ಮ ದೇಶದ ಆಹಾರಗಳಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಅಳೆದು ಪಟ್ಟಿ ಮಾಡುವುದು ಅದರ ಕೆಲಸಗಳಲ್ಲೊಂದು. 2017ರಲ್ಲಿ ಐನೂರಕ್ಕೂ ಹೆಚ್ಚು ಆಹಾರಗಳ ಹೊಸ ಪಟ್ಟಿಯನ್ನು ಅದು ಪ್ರಕಟಿಸಿತು. ನಾನು ಹೇಳುವ ಅಂಕಿಗಳು ಹೆಚ್ಚುಕಡಿಮೆ ಅದರವೇ.

ನೂರು ಗ್ರಾಂ ಈರುಳ್ಳಿ ಅಂದರೆ ಮುಷ್ಟಿಯಲ್ಲಿ ಹಿಡಿಯುವಂಥ ಮಧ್ಯಮ ಗಾತ್ರದ ಒಂದು ಗಡ್ಡೆ. ಅದರಲ್ಲಿ ನೂರಕ್ಕೆ ಎಂಬತ್ತೈದು ಭಾಗಕ್ಕೂ ಹೆಚ್ಚು ನೀರು. ಪ್ರೋಟೀನ್ ಒಂದೂವರೆ ಗ್ರಾಂನಷ್ಟು. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, 20 ಮಿಲಿಗ್ರಾಂ. ಸಿ ಜೀವಸತ್ವ ಆರೇಳು ಮಿಲಿಗ್ರಾಂ. ಕಬ್ಬಿಣ ಅರ್ಧ ಮಿಲಿಗ್ರಾಂ, ಅಥವಾ ಅದಕ್ಕೂ ಕಡಿಮೆ. ಎ ಜೀವಸತ್ವ ಕೊಡುವ ಕ್ಯಾರೋಟಿನ್ ಇಲ್ಲವೇ ಇಲ್ಲ ಎನ್ನಬಹುದು.

ಇನ್ನು ನುಗ್ಗೆಸೊಪ್ಪು. ಕಡ್ಡಿ ತೆಗೆದು ಬಿಡಿಸಿದ ನೂರು ಗ್ರಾಂ ಸೊಪ್ಪಿನಲ್ಲಿ ಪ್ರೋಟೀನ್ ಆರು ಗ್ರಾಂ ದಾಟುತ್ತದೆ. ಕ್ಯಾಲ್ಸಿಯಂ 300 ಮಿಲಿಗ್ರಾಂಗೂ ಹೆಚ್ಚು. ಕಬ್ಬಿಣ ನಾಲ್ಕೂವರೆ ಮಿಲಿಗ್ರಾಂ. ಸಿ ಜೀವಸತ್ವ ಹಸಿಯಾಗಿದ್ದಾಗ 100 ಮಿಲಿಗ್ರಾಂ. ನಾರಿನ ಅಂಶ ಎಂಟು ಗ್ರಾಂ. ಕ್ಯಾರೋಟಿನ್ ಧಾರಾಳ. ಕ್ಯಾಲ್ಸಿಯಂನಲ್ಲಿ ಈರುಳ್ಳಿಯ ಹದಿನೈದು ಪಟ್ಟು. ಸಿ ಜೀವಸತ್ವದಲ್ಲೂ ಸುಮಾರು ಹದಿನೈದು ಪಟ್ಟು.

ಇಲ್ಲೊಂದು ಎಚ್ಚರಿಕೆ. ಇವು ಕಲ್ಲಿನಲ್ಲಿ ಕೊರೆದ ಅಂಕಿಗಳಲ್ಲ. ಅದೇ ಸಂಸ್ಥೆಯ ಹಳೆಯ ಪುಸ್ತಕದಲ್ಲಿ ನುಗ್ಗೆಸೊಪ್ಪಿನ ಕ್ಯಾಲ್ಸಿಯಂ 440 ಎಂದಿತ್ತು. ಹೊಸ ಪಟ್ಟಿಯಲ್ಲಿ 300 ಚಿಲ್ಲರೆ ಆಗಿದೆ. ಮಣ್ಣು ಬೇರೆ, ತಳಿ ಬೇರೆ, ಎಲೆಯ ವಯಸ್ಸು ಬೇರೆ, ಅಳೆಯುವ ವಿಧಾನ ಬೇರೆ. ಆದ್ದರಿಂದ ಯಾರಾದರೂ ದಶಾಂಶ ಬಿಂದುವಿನವರೆಗೆ ಲೆಕ್ಕ ಹೇಳಿ ಹೆದರಿಸಿದರೆ ಅಷ್ಟೇನೂ ಹೆದರಬೇಡಿ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ತೂಕಕ್ಕೆ ತೂಕ ನೋಡಿದರೆ ನುಗ್ಗೆಸೊಪ್ಪು ಬಹಳ ಮುಂದಿದೆ. ಈಗ ತೂಕದ ಮಾತು ಬಿಟ್ಟು ತಿನ್ನುವ ಮಾತಿಗೆ ಬರೋಣ.

ನಿಮ್ಮ ಮನೆಯಲ್ಲಿ ದಿನಕ್ಕೆ ಎಷ್ಟು ಈರುಳ್ಳಿ ಖರ್ಚಾಗುತ್ತದೆ? ಬೆಳಿಗ್ಗೆ ಉಪ್ಪಿಟ್ಟಿಗೆ ಒಂದು. ಮಧ್ಯಾಹ್ನದ ಸಾರಿಗೆ ಒಂದು. ಪಲ್ಯಕ್ಕೆ ಅರ್ಧ. ಸಂಜೆ ಮಂಡಕ್ಕಿಗೆ ಹಸಿಯಾಗಿ ಹೆಚ್ಚಿ ಹಾಕಿದ್ದು ಒಂದು. ರಾತ್ರಿ ರೊಟ್ಟಿಯ ಜೊತೆ ಕಚ್ಚಿಕೊಳ್ಳಲು ಮತ್ತಷ್ಟು. ತಲೆಗೆ 75 ಗ್ರಾಂ ಎಂದಿಟ್ಟುಕೊಳ್ಳೋಣ. ಇದು ನನ್ನ ಅಂದಾಜು. ನಿಮ್ಮ ಮನೆಯ ಲೆಕ್ಕ ನೀವೇ ಹಾಕಿಕೊಳ್ಳಿ. ತಿಂಗಳಿಗೆ ಒಬ್ಬರಿಗೆ ಎರಡು ಕಿಲೋಗೂ ಸ್ವಲ್ಪ ಮೇಲಾಯಿತು.

ನುಗ್ಗೆಸೊಪ್ಪು? ತಿಂಗಳಿಗೊಮ್ಮೆ ಪಲ್ಯ ಮಾಡುವ ಮನೆ ಎಂದಿಟ್ಟುಕೊಳ್ಳಿ. ಒಬ್ಬರ ಪಾಲಿಗೆ ಬಿಡಿಸಿದ ಸೊಪ್ಪು 50 ಗ್ರಾಂ, ಅಂದರೆ ಎರಡು ಮೂರು ದೊಡ್ಡ ಹಿಡಿ. ಬಾಣಲೆಯಲ್ಲಿ ಅದು ಕುಗ್ಗಿ ನಾಲ್ಕೈದು ಚಮಚ ಆಗುತ್ತದೆ.

ಈಗ ಕ್ಯಾಲ್ಸಿಯಂ ಒಂದನ್ನೇ ಲೆಕ್ಕ ಹಾಕಿ. ತಿಂಗಳಿಡೀ ತಿಂದ ಈರುಳ್ಳಿಯಿಂದ ಸಿಕ್ಕಿದ್ದು 450 ಮಿಲಿಗ್ರಾಂನಷ್ಟು. ಒಂದು ಸಲ ತಿಂದ ನುಗ್ಗೆಸೊಪ್ಪಿನಿಂದ ಸಿಕ್ಕಿದ್ದು 150. ಹದಿನೈದು ಪಟ್ಟು ಹಿಂದಿದ್ದ ಈರುಳ್ಳಿ ಈಗ ಮೂರು ಪಟ್ಟು ಮುಂದಿದೆ! ಪಟ್ಟಿಯಲ್ಲಿ ಗೆದ್ದ ಸೊಪ್ಪು ತಟ್ಟೆಯಲ್ಲಿ ಸೋತಿತು. ಸೋಲಿಸಿದ್ದು ಈರುಳ್ಳಿಯಲ್ಲ, ನಾವು.

ಅದೇ ಸೊಪ್ಪನ್ನು ವಾರಕ್ಕೊಮ್ಮೆ ಮಾಡಿ. ಲೆಕ್ಕ ತಿರುಗುತ್ತದೆ. ತಿಂಗಳಿಗೆ 600 ಮಿಲಿಗ್ರಾಂ ಆಗಿ ಈರುಳ್ಳಿಯನ್ನು ದಾಟುತ್ತದೆ. ವಾರಕ್ಕೆರಡು ಸಲವಾದರೆ 1200. ಹಾಗಾಗಿ ಯಾರಾದರೂ ‘ಯಾವುದು ಪೌಷ್ಟಿಕ?’ ಎಂದು ಕೇಳಿದರೆ, ‘ನೀವು ವಾರಕ್ಕೆ ಎಷ್ಟು ಸಲ ತಿನ್ನುತ್ತೀರಿ?’ ಎಂದು ತಿರುಗಿ ಕೇಳುವುದೇ ಸರಿ.

ಎ ಜೀವಸತ್ವದ ಕಥೆ ಮಾತ್ರ ಬೇರೆ. ಅಲ್ಲಿ ಈರುಳ್ಳಿ ತಿಂಗಳಿಡೀ ತಿಂದರೂ ಏನೂ ಬರುವುದಿಲ್ಲ. ನುಗ್ಗೆಸೊಪ್ಪು ಒಂದು ಹೊತ್ತಿಗೆ ತಿಂದರೂ ಒಬ್ಬರ ಒಂದು ದಿನದ ಅಗತ್ಯದ ದೊಡ್ಡ ಪಾಲು ಸಿಗುತ್ತದೆ. ಇನ್ನೊಂದು ಅನುಕೂಲವೂ ಇದೆ. ಎ ಜೀವಸತ್ವವನ್ನು ನಮ್ಮ ಯಕೃತ್ತು ಕೂಡಿಟ್ಟುಕೊಳ್ಳುತ್ತದೆ. ಇವತ್ತು ತಿಂದದ್ದು ಮುಂದಿನ ವಾರಕ್ಕೂ ಒದಗುತ್ತದೆ. ಸಿ ಜೀವಸತ್ವ ಹಾಗಲ್ಲ. ಅದನ್ನು ದೇಹ ಕೂಡಿಡುವುದು ಬಹಳ ಕಡಿಮೆ. ಹೆಚ್ಚಾದದ್ದು ಮೂತ್ರದಲ್ಲಿ ಹೋಗಿಬಿಡುತ್ತದೆ. ಅದು ಆಗಾಗ ಸಿಗುತ್ತಲೇ ಇರಬೇಕು.

ಸರಿ, ಎರಡು ವಿಷಯ ಆಯಿತು. ತೂಕದಲ್ಲಿ ನುಗ್ಗೆಸೊಪ್ಪು ಮುಂದೆ. ನಾವು ತಿನ್ನುವ ಪ್ರಮಾಣದಲ್ಲಿ ಈರುಳ್ಳಿ ಮುಂದೆ. ಇನ್ನು ಮೂರನೆಯದು. ನನಗೆ ಎಲ್ಲಕ್ಕಿಂತ ರುಚಿಕರ ಎನಿಸಿದ್ದು ಇದೇ. ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ರಕ್ತಹೀನತೆ ಎಷ್ಟಿದೆ ಗೊತ್ತೇ? ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಮೂವರಲ್ಲಿ ಇಬ್ಬರಿಗೆ. ಕಾರಣಗಳು ಹಲವು. ಕಬ್ಬಿಣದ ಕೊರತೆ ಅವುಗಳಲ್ಲಿ ದೊಡ್ಡದು.

ಹಾಗಾದರೆ ನಾವು ಕಬ್ಬಿಣ ತಿನ್ನುತ್ತಿಲ್ಲವೇ? ತಿನ್ನುತ್ತಿದ್ದೇವೆ. ರಾಗಿಯಲ್ಲಿದೆ, ಜೋಳದಲ್ಲಿದೆ, ಕಾಳಿನಲ್ಲಿದೆ. ಆದರೆ ಧಾನ್ಯದ ಕಬ್ಬಿಣ ಬೀಗ ಹಾಕಿದ ಕಣಜದಲ್ಲಿರುವ ಜೋಳದ ಹಾಗೆ. ಇದೆ, ಕೈಗೆ ಸಿಗುವುದಿಲ್ಲ. ಧಾನ್ಯದಲ್ಲಿರುವ ಫೈಟೇಟ್ ಎಂಬ ಪದಾರ್ಥ ಕಬ್ಬಿಣವನ್ನೂ ಸತುವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಕರುಳು ಹೀರಿಕೊಳ್ಳಬೇಕಾದದ್ದು ಹಾಗೇ ಹೊರಗೆ ಹೋಗುತ್ತದೆ. ಸೊಪ್ಪಿನ ಕಬ್ಬಿಣವೂ ಪೂರ್ತಿ ದಕ್ಕುವುದಿಲ್ಲ. ನುಗ್ಗೆಸೊಪ್ಪಿನ ನಾಲ್ಕೂವರೆ ಮಿಲಿಗ್ರಾಂ ಎಂದೆನಲ್ಲ, ಅದರಲ್ಲಿ ರಕ್ತಕ್ಕೆ ಸೇರುವುದು ಸಣ್ಣ ಪಾಲು ಮಾತ್ರ.

ಇಲ್ಲಿಗೆ ಈರುಳ್ಳಿ ಬರುತ್ತದೆ. ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ನಾವೆಲ್ಲ ಸಿಎಫ್‌ಟಿಆರ್‌ಐ ಎನ್ನುತ್ತೇವೆ. 1950ರಿಂದ ನಡೆಯುತ್ತಿರುವ ಸಂಸ್ಥೆ. ಅಲ್ಲಿನ ವಿಜ್ಞಾನಿಗಳಾದ ಕಲ್ಪನಾ ಪ್ಲಾಟೆಲ್, ಕೃಷ್ಣಾಪುರ ಶ್ರೀನಿವಾಸನ್ ಮತ್ತು ಜೊತೆಯವರು 2010ರಲ್ಲಿ ಒಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಅವರು ತೆಗೆದುಕೊಂಡದ್ದು ಅಕ್ಕಿ, ಜೋಳ, ಕಡಲೆ, ಹೆಸರು. ಹಸಿಯಾಗಿಯೂ ನೋಡಿದರು, ಬೇಯಿಸಿಯೂ ನೋಡಿದರು. ಒಮ್ಮೆ ಬೆಳ್ಳುಳ್ಳಿ ಸೇರಿಸಿದರು, ಒಮ್ಮೆ ಈರುಳ್ಳಿ ಸೇರಿಸಿದರು. ಹೊಟ್ಟೆಯಲ್ಲಿ ಜೀರ್ಣವಾಗುವ ಕ್ರಮವನ್ನೇ ಪ್ರಯೋಗಾಲಯದಲ್ಲಿ ಏರ್ಪಡಿಸಿ, ಕಬ್ಬಿಣ ಎಷ್ಟು ಬಿಡುಗಡೆಯಾಗುತ್ತದೆ ಎಂದು ಅಳೆದರು.

ಫಲಿತಾಂಶ ಏನು ಬಂತು? ಬೆಳ್ಳುಳ್ಳಿ, ಈರುಳ್ಳಿ ಎರಡೂ ಧಾನ್ಯದ ಕಬ್ಬಿಣವನ್ನು ಹೆಚ್ಚು ಸಡಿಲಿಸಿದವು. ಧಾನ್ಯದಿಂದ ಧಾನ್ಯಕ್ಕೆ ವ್ಯತ್ಯಾಸವಿತ್ತು. ಕೆಲವೆಡೆ ನೂರಕ್ಕೆ ಹತ್ತರಷ್ಟು ಮಾತ್ರ ಏರಿಕೆ. ಕೆಲವೆಡೆ ಎಪ್ಪತ್ತರವರೆಗೂ ಏರಿಕೆ. ಸತುವಿನ ವಿಷಯದಲ್ಲೂ ಹೀಗೆಯೇ ಆಯಿತು. ಇವುಗಳಲ್ಲಿರುವ ಗಂಧಕದ ಸಂಯುಕ್ತಗಳು ಈ ಕೆಲಸ ಮಾಡುತ್ತಿರಬಹುದು ಎಂಬುದು ಅವರ ಊಹೆ. ಈರುಳ್ಳಿ ಹೆಚ್ಚುವಾಗ ಕಣ್ಣಲ್ಲಿ ನೀರು ತರಿಸುವುದೂ ಗಂಧಕದ ಒಂದು ಸಂಯುಕ್ತವೇ.

ಎಷ್ಟು ಈರುಳ್ಳಿ ಹಾಕಿದ್ದರು ಎನ್ನುವುದನ್ನು ಗಮನವಿಟ್ಟು ಕೇಳಿ. ಹತ್ತು ಗ್ರಾಂ ಧಾನ್ಯಕ್ಕೆ ಒಂದೂವರೆ ಗ್ರಾಂ, ಇಲ್ಲವೇ ಮೂರು ಗ್ರಾಂ. ಅಂದರೆ ನೂರು ಗ್ರಾಂ ಜೋಳದ ಹಿಟ್ಟಿಗೆ ಹದಿನೈದರಿಂದ ಮೂವತ್ತು ಗ್ರಾಂ ಈರುಳ್ಳಿ. ಎರಡು ರೊಟ್ಟಿಗೆ ಸಣ್ಣ ಈರುಳ್ಳಿಯ ಅರ್ಧ ಹೋಳು! ನಮ್ಮ ಬಯಲುಸೀಮೆಯವರು ಜೋಳದ ರೊಟ್ಟಿಯ ಮೇಲೆ ಖಾರ ಹಚ್ಚಿ, ಪಕ್ಕದಲ್ಲಿ ಈರುಳ್ಳಿ ಜಜ್ಜಿ ಇಟ್ಟುಕೊಳ್ಳುವ ಪ್ರಮಾಣ ಹೆಚ್ಚುಕಡಿಮೆ ಇಷ್ಟೇ. ಅವರು ಪ್ರಯೋಗಾಲಯ ನೋಡಿ ಇಟ್ಟುಕೊಂಡದ್ದಲ್ಲ, ನಾಲಿಗೆಗೆ ಹಿತವೆಂದು ಇಟ್ಟುಕೊಂಡದ್ದು.

ಇದು ಪ್ರಯೋಗಾಲಯದ ಫಲಿತಾಂಶ ಎಂಬುದನ್ನು ಮರೆಯಬೇಡಿ. ಮನುಷ್ಯರಿಗೆ ಈರುಳ್ಳಿ ತಿನ್ನಿಸಿ ರಕ್ತ ಪರೀಕ್ಷೆ ಮಾಡಿ ಬಂದ ಲೆಕ್ಕ ಇದಲ್ಲ. ರಕ್ತಹೀನತೆಗೆ ಈರುಳ್ಳಿ ಔಷಧ ಎಂದು ನಾನು ಹೇಳಿದೆ ಅಂತ ನಾಳೆ ಯಾರೂ ಹೇಳಬಾರದು. ನುಗ್ಗೆಸೊಪ್ಪೂ ಔಷಧವಲ್ಲ. ದೊಡ್ಡ ಹೆಂಗಸಿಗೆ ದಿನಕ್ಕೆ ಬೇಕಾದ ಕಬ್ಬಿಣ 29 ಮಿಲಿಗ್ರಾಂ ಎಂದು ಹೈದರಾಬಾದಿನ ಅದೇ ಪೋಷಣಾ ಸಂಸ್ಥೆಯ 2020ರ ಶಿಫಾರಸು ಹೇಳುತ್ತದೆ. ಒಂದು ಹೊತ್ತಿನ ನುಗ್ಗೆಸೊಪ್ಪಿನಲ್ಲಿರುವುದು ಎರಡು ಮಿಲಿಗ್ರಾಂ ಚಿಲ್ಲರೆ. ಹತ್ತರಲ್ಲಿ ಒಂದು ಪಾಲೂ ಆಗಲಿಲ್ಲ. ರಕ್ತ ಕಡಿಮೆ ಇದೆ ಎಂದು ಡಾಕ್ಟರು ಹೇಳಿದ್ದರೆ, ಆಶಾ ಕಾರ್ಯಕರ್ತೆ ಮನೆ ಬಾಗಿಲಿಗೆ ತಂದುಕೊಡುವ ಕಬ್ಬಿಣದ ಮಾತ್ರೆಯನ್ನು ತಪ್ಪದೆ ನುಂಗಿ. ‘ಸೊಪ್ಪು ತಿಂತೀನಲ್ಲಕ್ಕ, ಮಾತ್ರೆ ಯಾಕೆ?’ ಎನ್ನುವ ಮಾತು ಬೇಡ. ಎರಡೂ ಬೇಕು.

ಈಗ ಒಮ್ಮೆ ಹಿಂದಿರುಗಿ ನೋಡೋಣ. ನುಗ್ಗೆಸೊಪ್ಪಿನಲ್ಲಿ ಸರಕು ಹೆಚ್ಚು. ಈರುಳ್ಳಿಯಲ್ಲಿ ಸರಕು ಕಡಿಮೆ, ಆದರೆ ಬೇರೆಯವರ ಸರಕನ್ನು ಬಿಡಿಸಿಕೊಡುವ ಗುಣ ಇದೆ. ಹಾಗಿದ್ದ ಮೇಲೆ ಇಬ್ಬರನ್ನೂ ಎದುರು ಬದುರು ನಿಲ್ಲಿಸುವುದು ಯಾಕೆ? ಒಂದೇ ಬಾಣಲೆಗೆ ಹಾಕಬೇಕಷ್ಟೆ.

ಬಾಣಲೆಯ ಮಾತು ಬಂದದ್ದರಿಂದ ಅಡುಗೆಮನೆಗೇ ಹೋಗೋಣ. ನುಗ್ಗೆಸೊಪ್ಪು ಮಾಡಲು ಬೇಸರ ಯಾಕೆ ಎಂದು ಹೆಂಗಸರನ್ನು ಕೇಳಿದರೆ ಮೊದಲ ಉತ್ತರ, ಬಿಡಿಸುವುದು ಕಷ್ಟ. ನಿಜವೇ. ಪುಟ್ಟ ಪುಟ್ಟ ಎಲೆ. ಕಡ್ಡಿ ಉಳಿದರೆ ಬಾಯಿಗೆ ನಾರು. ಇದಕ್ಕೊಂದು ಉಪಾಯವಿದೆ. ಸಂಜೆಯೇ ಕೊಂಬೆ ಮುರಿದು ತನ್ನಿ. ಒಂದು ಹಳೆಯ ಹತ್ತಿ ಬಟ್ಟೆಯಲ್ಲಿ ಸಡಿಲವಾಗಿ ಸುತ್ತಿಡಿ. ಬೆಳಿಗ್ಗೆ ಬಟ್ಟೆ ಬಿಚ್ಚಿ ಒಮ್ಮೆ ಕೊಡವಿದರೆ ಎಲೆಗಳು ತಾವಾಗಿ ಉದುರುತ್ತವೆ. ಸಿ ಜೀವಸತ್ವ ಸ್ವಲ್ಪ ಕಡಿಮೆಯಾಗುತ್ತದೆ, ಒಪ್ಪುತ್ತೇನೆ. ಮಾಡದೇ ಬಿಡುವುದಕ್ಕಿಂತ ಅದು ವಾಸಿ.

ಎರಡನೆಯ ದೂರು, ಕಹಿ. ಬಲಿತ ಎಲೆ ಕಹಿಯೇ. ಎಳೆಯ ತುದಿಗಳನ್ನು ಆರಿಸಿಕೊಳ್ಳಿ. ಇಲ್ಲಿ ಈರುಳ್ಳಿ ಮತ್ತೆ ನೆರವಿಗೆ ಬರುತ್ತದೆ. ಎಣ್ಣೆ ಕಾದು ಸಾಸಿವೆ ಚಟಪಟ ಎಂದ ಮೇಲೆ ಜಜ್ಜಿದ ಬೆಳ್ಳುಳ್ಳಿ ಹಾಕಿ. ಹೆಚ್ಚಿದ ಈರುಳ್ಳಿಯನ್ನು ಧಾರಾಳವಾಗಿ ಹಾಕಿ. ಅದು ಮೆತ್ತಗಾಗಿ ಸಿಹಿವಾಸನೆ ಬರುವವರೆಗೆ ಹುರಿಯಿರಿ. ಆಮೇಲೆ ಸೊಪ್ಪು. ಸೊಪ್ಪು ಬಾಡಿದ ಮೇಲೆ ಉಪ್ಪು, ಕೊನೆಗೆ ಶೇಂಗಾ ಪುಡಿ. ಈರುಳ್ಳಿಯ ಸಿಹಿ ಕಹಿಯನ್ನು ತಗ್ಗಿಸುತ್ತದೆ. ಈರುಳ್ಳಿಯ ನಿಜವಾದ ದೊಡ್ಡ ಉಪಕಾರ ಇದೇ ಇರಬೇಕು. ಪಟ್ಟಿಯಲ್ಲಿ ಬರೆಯಲಾಗದ ಉಪಕಾರ. ಬೇರೆ ತರಕಾರಿಯನ್ನು ತಿನ್ನುವ ಹಾಗೆ ಮಾಡುತ್ತದೆ.

ಎಣ್ಣೆಗೂ ಶೇಂಗಾಕ್ಕೂ ಇನ್ನೊಂದು ಕೆಲಸವಿದೆ. ಕ್ಯಾರೋಟಿನ್ ನೀರಿನಲ್ಲಿ ಕರಗುವುದಿಲ್ಲ, ಜಿಡ್ಡಿನಲ್ಲಿ ಕರಗುತ್ತದೆ. ಜಿಡ್ಡಿಲ್ಲದೆ ತಿಂದರೆ ದೇಹ ಅದನ್ನು ಸರಿಯಾಗಿ ತೆಗೆದುಕೊಳ್ಳಲಾರದು. ಚಳ್ಳಕೆರೆಯನ್ನು ಎಣ್ಣೆ ನಗರ ಎಂದು ಕರೆಯುತ್ತಾ ಬಂದ ಜಿಲ್ಲೆ ನಮ್ಮದು. ಒಂದೆರಡು ಚಮಚ ಶೇಂಗಾ ಎಣ್ಣೆಗೆ ಬರವಿಲ್ಲ. ‘ಸೊಪ್ಪಿಗೆ ಎಣ್ಣೆ ಯಾಕೆ, ಬರೀ ಬೇಯಿಸಿ ತಿಂದರೆ ಆರೋಗ್ಯ’ ಎನ್ನುವ ಹೊಸ ಮಾತು ಪಟ್ಟಣಗಳಲ್ಲಿ ಹಬ್ಬಿದೆ. ನುಗ್ಗೆಸೊಪ್ಪಿನ ಮಟ್ಟಿಗೆ ಅದು ತಪ್ಪು.

ಬೇಯಿಸುವಾಗ ಸಿ ಜೀವಸತ್ವದ ದೊಡ್ಡ ಪಾಲು ಹೋಗುತ್ತದೆ. ಸ್ವಲ್ಪ ಬಿಸಿಗೆ ಕೆಡುತ್ತದೆ. ಸ್ವಲ್ಪ ನೀರಿಗೆ ಇಳಿಯುತ್ತದೆ. ಬಿಸಿಗೆ ಕೆಟ್ಟದ್ದನ್ನು ತರಲಾಗುವುದಿಲ್ಲ. ನೀರಿಗೆ ಇಳಿದದ್ದನ್ನು ಉಳಿಸಬಹುದು, ನೀರನ್ನು ಚೆಲ್ಲದಿದ್ದರೆ ಸಾಕು. ನಮ್ಮಲ್ಲಿ ಬಸ್ಸಾರು ಮಾಡುತ್ತಾರಲ್ಲ, ಅದು ಎಷ್ಟು ಜಾಣ ಅಡುಗೆ ನೋಡಿ! ಸೊಪ್ಪು ಕಾಳು ಬೇಯಿಸಿ ಬಸಿಯುತ್ತಾರೆ. ಬಸಿದ ಕಟ್ಟಿಗೆ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಹುಳಿ ರುಬ್ಬಿ ಹಾಕಿ ಸಾರು. ಉಳಿದದ್ದಕ್ಕೆ ಒಗ್ಗರಣೆ ಕೊಟ್ಟು ಪಲ್ಯ. ಒಂದು ಹನಿ ವ್ಯರ್ಥವಿಲ್ಲ. ಅದರಲ್ಲಿ ಹುಳಿಯೂ ಇದೆ, ಈರುಳ್ಳಿಯೂ ಇದೆ. ಊಟಕ್ಕೆ ಕೂತಾಗ ಮೇಲಿಂದ ಅರ್ಧ ನಿಂಬೆಹಣ್ಣು ಹಿಂಡಿದರೆ, ಒಲೆಯ ಮೇಲೆ ಕಳೆದುಹೋದ ಸಿ ಜೀವಸತ್ವ ತಟ್ಟೆಯಲ್ಲಿ ಸ್ವಲ್ಪ ಮಟ್ಟಿಗೆ ವಾಪಸು ಬರುತ್ತದೆ. ನಿಂಬೆಯ ಹುಳಿ ಕಬ್ಬಿಣವನ್ನು ಹೀರಿಕೊಳ್ಳಲೂ ನೆರವಾಗುತ್ತದೆ.

ಇದಕ್ಕೆ ಮುದ್ದೆ ಸೇರಿಸಿ. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಕ್ಯಾಲ್ಸಿಯಂ 350 ಮಿಲಿಗ್ರಾಂ. ಐವತ್ತು ಗ್ರಾಂ ನುಗ್ಗೆಸೊಪ್ಪಿನಲ್ಲಿ 150. ಒಟ್ಟು 500. ದಿನಕ್ಕೆ ಬೇಕಾದದ್ದು 1000. ಒಂದೇ ಊಟದಲ್ಲಿ ಅರ್ಧ ಲೆಕ್ಕ ಕೂಡಿತು. ಎಲ್ಲವೂ ಮೈಗೆ ಹತ್ತುವುದಿಲ್ಲ, ಅದು ಬೇರೆ. ಆದರೂ ಹಾಲು ಕೊಳ್ಳಲು ಲೆಕ್ಕ ಹಾಕುವ ಮನೆಗೆ ಇದು ಸಣ್ಣ ಮಾತಲ್ಲ. ಊಟ ಮುಗಿದ ತಕ್ಷಣ ಟೀ ಮಾತ್ರ ಕುಡಿಯಬೇಡಿ. ಟೀಯಲ್ಲಿರುವ ಒಗರಿನ ಅಂಶ ಕಬ್ಬಿಣಕ್ಕೆ ಅಡ್ಡ ನಿಲ್ಲುತ್ತದೆ. ಒಂದು ಗಂಟೆ ತಡೆಯಿರಿ.

ಈರುಳ್ಳಿ ತಿನ್ನದ ಮನೆಗಳೂ ಇವೆ. ವ್ರತ, ಏಕಾದಶಿ, ಚಾತುರ್ಮಾಸ್ಯ ಎಂದು ಬಿಡುವವರಿದ್ದಾರೆ. ಅವರು ಏನೋ ಕಳೆದುಕೊಂಡೆವು ಎಂದುಕೊಳ್ಳಬೇಕಾಗಿಲ್ಲ. ನಿಂಬೆ, ನೆಲ್ಲಿಕಾಯಿ ಕಬ್ಬಿಣದ ಕೆಲಸವನ್ನು ಸುಗಮ ಮಾಡುತ್ತವೆ. 2019ರ ಡಿಸೆಂಬರಿನಲ್ಲಿ ಈರುಳ್ಳಿ ಕಿಲೋಗೆ ನೂರು ರೂಪಾಯಿ ದಾಟಿದಾಗ ಎಷ್ಟೋ ಮನೆಗಳು ಈರುಳ್ಳಿಯನ್ನು ಅರ್ಧ ಮಾಡಿಕೊಂಡವು. ಆಗ ಹೋದದ್ದು ರುಚಿ. ಪೌಷ್ಟಿಕಾಂಶದ ನಷ್ಟ ಬಹಳ ಇರಲಿಲ್ಲ. ಈರುಳ್ಳಿ ಬೆಳೆದವನ ಕೈಗೆ ಆ ನೂರರಲ್ಲಿ ಎಷ್ಟು ಬಂತು ಎನ್ನುವುದು ಬೇರೆಯೇ ಭಾಷಣಕ್ಕೆ ವಸ್ತು.

ಈರುಳ್ಳಿಗೆ ಅದರದೇ ಆದ ಗುಣಗಳೂ ಇವೆ. ಕ್ವರ್ಸೆಟಿನ್ ಎಂಬ ಪದಾರ್ಥ ಅದರಲ್ಲಿ ಚೆನ್ನಾಗಿದೆ, ಕೆಂಪು ಈರುಳ್ಳಿಯ ಹೊರಪದರಗಳಲ್ಲಿ ಹೆಚ್ಚು. ಆದ್ದರಿಂದ ಸಿಪ್ಪೆ ತೆಗೆಯುವಾಗ ಒಣಗಿದ್ದನ್ನಷ್ಟೇ ತೆಗೆಯಿರಿ, ದಪ್ಪ ಪದರವನ್ನೂ ಸೇರಿಸಿ ಎಸೆಯಬೇಡಿ. ಇನ್ನು ಅದರಲ್ಲಿರುವ ಒಂದು ಬಗೆಯ ನಾರು ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳಿಗೆ ಆಹಾರ. ಕೆಲವರಿಗೆ ಹೊಟ್ಟೆ ಉಬ್ಬರಿಸುವುದೂ ಅದರಿಂದಲೇ. ಬೇಸಿಗೆಯಲ್ಲಿ ಬಿಸಿಲು ತಾಗಬಾರದೆಂದು ಜೇಬಿನಲ್ಲಿ ಈರುಳ್ಳಿ ಇಟ್ಟುಕೊಂಡು ಹೋಗುವವರನ್ನು ನೀವೂ ನೋಡಿರಬಹುದು. ಜೇಬಿನ ಈರುಳ್ಳಿಗಿಂತ ಮಜ್ಜಿಗೆಗೆ ಹೆಚ್ಚಿ ಹಾಕಿಕೊಂಡ ಈರುಳ್ಳಿ ಮೇಲು. ಅಲ್ಲೂ ಬಿಸಿಲಿಗೆ ಮದ್ದು ಮಜ್ಜಿಗೆಯ ನೀರು ಮತ್ತು ಉಪ್ಪು.

ಇಷ್ಟು ಹೊತ್ತು ಹಸಿ ಸೊಪ್ಪಿನ ಮಾತಾಡಿದೆವು. ಈಗ ಪುಡಿಯ ಬಗ್ಗೆ ಒಂದೆರಡು ಮಾತು. ಅಂಗಡಿಗಳಲ್ಲಿ ನುಗ್ಗೆಸೊಪ್ಪಿನ ಪುಡಿ ಡಬ್ಬಿಗಳಲ್ಲಿ ಬರುತ್ತಿದೆ. ಡಬ್ಬಿಯ ಮೇಲೆ ದೊಡ್ಡ ದೊಡ್ಡ ಮಾತು. ಹಾಲಿನ ನಾಲ್ಕು ಪಟ್ಟು ಕ್ಯಾಲ್ಸಿಯಂ, ಕಿತ್ತಳೆಯ ಏಳು ಪಟ್ಟು ಸಿ ಜೀವಸತ್ವ ಎಂಬಂತೆ. ಮಾರುವವರು ನುಗ್ಗೆಯನ್ನೂ ನಮ್ಮನ್ನೂ ಒಟ್ಟಿಗೇ ನುಗ್ಗೆಮರ ಹತ್ತಿಸುತ್ತಿದ್ದಾರೆ. ನೀರೆಲ್ಲ ಆರಿಹೋದ ಪುಡಿಯನ್ನು, ನೀರು ತುಂಬಿದ ಹಾಲಿನ ಜೊತೆ ತೂಕಕ್ಕೆ ತೂಕ ಹೋಲಿಸಿದರೆ ಪುಡಿಯೇ ಗೆಲ್ಲಬೇಕಲ್ಲ? ನಾವು ಪುಡಿ ತಿನ್ನುವುದು ಒಂದು ಚಮಚ, ಐದು ಗ್ರಾಂ. ಅದರಲ್ಲಿ ಕ್ಯಾಲ್ಸಿಯಂ 100 ಮಿಲಿಗ್ರಾಂ ಇರಬಹುದು. ಹಾಲು ಕುಡಿಯುವುದು ಒಂದು ಲೋಟ. ಅದರಲ್ಲಿ 200 ದಾಟುತ್ತದೆ. ಸಿ ಜೀವಸತ್ವವಂತೂ ಒಣಗಿಸುವಾಗಲೇ ಬಹುಪಾಲು ಹೋಗಿರುತ್ತದೆ. ಪುಡಿ ಕೆಟ್ಟದ್ದಲ್ಲ. ಹಿತ್ತಲಲ್ಲಿ ಮರ ಇಟ್ಟುಕೊಂಡು ಡಬ್ಬಿ ಕೊಳ್ಳುವುದು ಮಾತ್ರ ವಿಚಿತ್ರ.

ಒಂದು ಎಚ್ಚರಿಕೆಯ ಮಾತು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಸೊಪ್ಪಿನ ಪ್ರಮಾಣವನ್ನು ಏಕಾಏಕಿ ಹೆಚ್ಚಿಸಬಾರದು. ಮೊದಲು ಡಾಕ್ಟರನ್ನು ಕೇಳಿ.

ಕೊನೆಯದಾಗಿ ಮರದ ಮಾತು. ಹೆಚ್ಚು ತಿನ್ನಿ ಎಂದು ಹೇಳಿ, ಎಲೆ ಕೈಗೆ ಎಟುಕದಿದ್ದರೆ ಏನು ಪ್ರಯೋಜನ? ನಮ್ಮ ನುಗ್ಗೆಮರಗಳು ಮನೆಯ ಮಾಳಿಗೆಗಿಂತ ಎತ್ತರ ಹೋಗಿರುತ್ತವೆ. ಸೊಪ್ಪು ಬೇಕೆಂದರೆ ದೋಟಿ ಬೇಕು, ಇಲ್ಲವೇ ಮರ ಹತ್ತುವ ಹುಡುಗ ಬೇಕು. ಕೊಂಬೆಯೋ ಪುಸಕ್ಕನೆ ಮುರಿಯುವಂಥದ್ದು. ಮಳೆಗಾಲದಲ್ಲಿ ಕಾಂಡದ ತುಂಬ ಕಂಬಳಿಹುಳು. ಇದಕ್ಕೆಲ್ಲ ಪರಿಹಾರ ಮರವನ್ನು ಗಿಡವಾಗಿ ಉಳಿಸಿಕೊಳ್ಳುವುದು. ಎದೆಯೆತ್ತರಕ್ಕೆ ಬಂದಾಗ ತುದಿ ಚಿವುಟಿ. ಪಕ್ಕದಿಂದ ನಾಲ್ಕಾರು ಕವಲು ಒಡೆಯುತ್ತವೆ. ಅವು ಉದ್ದವಾದಾಗ ಮತ್ತೆ ಕತ್ತರಿಸಿ. ಎಳೆಯ ಸೊಪ್ಪು ಯಾವಾಗಲೂ ಕೈಗೆ ಸಿಗುತ್ತದೆ. ಹುಳು ಬಂದರೂ ಕಣ್ಣಿಗೆ ಬೀಳುತ್ತದೆ.

ಹೊಸದಾಗಿ ಹಚ್ಚುವವರಿಗೆ ಬೀಜದಿಂದ ಬರುವ ತಳಿಗಳಿವೆ. ತಮಿಳುನಾಡಿನ ಪೆರಿಯಕುಳಂನಲ್ಲಿ ತಯಾರಾದ ಪಿಕೆಎಂ-1 ನಮ್ಮ ರೈತರಿಗೂ ಪರಿಚಿತ. ನಮ್ಮ ಬಯಲಿನ ಅಲ್ಪ ಮಳೆಯಲ್ಲೂ ಬದುಕುವ ಗಿಡ ಇದು. ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿದರೆ ಬೀಜ ಎಲ್ಲಿ ಸಿಗುತ್ತದೆ, ಯಾವಾಗ ಬಿತ್ತಬೇಕು ಎಂದು ಹೇಳುತ್ತಾರೆ. ಮುಂಗಾರಿಗೆ ಮುಂಚೆ ಗುಂಡಿ ತೆಗೆದಿಟ್ಟುಕೊಳ್ಳಿ. ನೀರು ನಿಲ್ಲುವ ಜಾಗ ಬೇಡ, ಬೇರು ಕೊಳೆಯುತ್ತದೆ. ಬಚ್ಚಲ ನೀರು ಹರಿದು ಇಂಗಿಹೋಗುವ ಕಡೆ ಹಚ್ಚಿದರೆ ಬೇಸಿಗೆಯಲ್ಲೂ ಚಿಗುರುತ್ತದೆ. ಒಂದು ಮನೆಗೆ ಎರಡು ಗಿಡ ಸಾಕು. ಒಂದನ್ನು ಕಾಯಿಗೆ ಬಿಡಿ, ಒಂದನ್ನು ಸೊಪ್ಪಿಗೆ ಕತ್ತರಿಸುತ್ತಾ ಇರಿ.